ಪ್ರಶ್ನೋತ್ತರ: ಆ ಟಿಕೆಟ್‌ಗಳೆಲ್ಲ ಎಲ್ಲಿಗೆ ಹೋದವು?

ನಿರ್ವಾಹಕರು: ಈ ವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ಹದಿಮೂರು ವರ್ಷದಿಂದ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಕೆಲಸ ನೋಡಿಕೊಳ್ಳುತ್ತಿದ್ದಾರೆ. ಬುಕಿಂಗ್ ತೆರೆಯುವುದರಿಂದ ಹಿಡಿದು ಗೇಟಿನಲ್ಲಿ ಸ್ಕ್ಯಾನ್ ಮಾಡುವವರೆಗೆ ಎಲ್ಲ ಕಂಡವರು. ಹೆಸರು ಬೇಡ ಎಂದಿದ್ದಾರೆ. ಟಿಕೆಟ್ ಬ್ಲ್ಯಾಕ್ ಬಗ್ಗೆ ಕೇಳಿ.

ಪ್ರಶ್ನೆ (ಮೈಸೂರು): ಬ್ರಿಟನ್ನಿನ ಕೋಲ್ಡ್‌ಪ್ಲೇ ಬ್ಯಾಂಡಿನ ಮುಂಬೈ ಶೋ ಟಿಕೆಟ್ ಬಿಟ್ಟ ದಿನ ನಾನು, ಅಕ್ಕ, ಅಮ್ಮ ಮೂರು ಮೊಬೈಲ್ ಹಿಡಿದು ಕೂತಿದ್ದೆವು. ಕ್ಯೂನಲ್ಲಿ ನಮ್ಮ ಮುಂದೆ ಏಳು ಲಕ್ಷ ಜನ. ಅಮ್ಮ ಒಲೆ ಮೇಲಿನ ಸಾರು ಮರೆತು ಸ್ಕ್ರೀನ್ ನೋಡುತ್ತಿದ್ದರು. ಸಾರೂ ಹೋಯಿತು, ಟಿಕೆಟ್ಟೂ ಹೋಯಿತು. ಸಂಜೆಗೆ ಬೇರೆ ಸೈಟಿನಲ್ಲಿ ಅದೇ ಟಿಕೆಟ್ ಲಕ್ಷಗಟ್ಟಲೆ ರೂಪಾಯಿಗೆ. ನಮ್ಮ ಟಿಕೆಟ್ ಬ್ಲ್ಯಾಕಿನವರೇ ಎತ್ತಿಕೊಂಡು ಹೋದರು ಅಲ್ವಾ?

ಉತ್ತರ: ಅರ್ಧ ನಿಜ. ಮೊದಲು ಲೆಕ್ಕ ನೋಡಿ. 2024ರ ಸೆಪ್ಟೆಂಬರ್ 22ರಂದು ಆ ಟಿಕೆಟ್‌ಗೆ 1.3 ಕೋಟಿ ಜನ ಬಂದರು ಎಂದು ಅದನ್ನು ಮಾರಿದ ಬುಕ್‌ಮೈಶೋ ಕಂಪನಿ ಹೇಳಿತು. ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೂರು ಶೋ. ಮೂರೂ ಸೇರಿಸಿದರೂ ಎರಡು ಲಕ್ಷ ಜನ ಹಿಡಿಸಲ್ಲ. ಅಂದರೆ ಒಂದು ಟಿಕೆಟ್‌ಗೆ ಕಡಿಮೆ ಅಂದರೂ 65 ಜನ. ಬ್ಲ್ಯಾಕಿನವರೆಲ್ಲ ಆವತ್ತು ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಕೂತಿದ್ದರೂ 64 ಮಂದಿ ಬರಿಗೈಯಲ್ಲೇ ಎದ್ದುಹೋಗಬೇಕಿತ್ತು.

ಇನ್ನು ಸಂಜೆ ನೀವು ನೋಡಿದ ಲಕ್ಷದ ರೇಟು. ಅಂಥ ಎಷ್ಟೋ ಟಿಕೆಟ್ ಮಾರುವವನ ಕೈಯಲ್ಲೇ ಇರಲ್ಲ. ಮೊದಲು ರೇಟು ಹಾಕುತ್ತಾನೆ. ನೀವು ದುಡ್ಡು ಕಟ್ಟಿದ ಮೇಲೆ ಕಡಿಮೆಗೆ ಯಾರ ಹತ್ತಿರ ಸಿಗುತ್ತದೆ ಎಂದು ಹುಡುಕಲು ಹೊರಡುತ್ತಾನೆ. ಸಿಕ್ಕರೆ ಲಾಭ. ಸಿಗದಿದ್ದರೆ ಶೋ ಹತ್ತಿರ ಬಂದಾಗ ‘ಆರ್ಡರ್ ರದ್ದಾಗಿದೆ’ ಎಂದು ಮೆಸೇಜ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೇ ಮಾತು. ಇಲ್ಲಿ ಕೂಸನ್ನೇ ಮಾರಿಬಿಡುತ್ತಾರೆ.

ಪ್ರಶ್ನೆ (ಹುಬ್ಬಳ್ಳಿ): ಸರಿ, ಅರ್ಧ ನಿಜ ಅಂದ್ರಿ. ಆ ಅರ್ಧ ಯಾವುದು? ಒಬ್ಬರಿಗೆ ನಾಲ್ಕೇ ಟಿಕೆಟ್ ಅಂತ ನಿಯಮ ಇತ್ತಲ್ಲ?

ಉತ್ತರ: ನಿಯಮ ಮನುಷ್ಯನನ್ನು ಎಣಿಸಲ್ಲ, ಮೊಬೈಲ್ ನಂಬರ್ ಎಣಿಸುತ್ತದೆ. ಐವತ್ತು ಸಿಮ್ ಇದ್ದರೆ ಐವತ್ತು ಜನ. 2024ರ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಕೋಲ್ಡ್‌ಪ್ಲೇ ಮತ್ತು ಪಂಜಾಬಿ ಗಾಯಕ ದಿಲ್ಜಿತ್ ದೋಸಾಂಜ್ ಶೋಗಳ ಟಿಕೆಟ್ ದಂಧೆ ಹಿಂದೆ ಬಿದ್ದು ದೆಹಲಿ, ಮುಂಬೈ, ಜೈಪುರ, ಚಂಡೀಗಢದ ಜೊತೆ ನಮ್ಮ ಬೆಂಗಳೂರಿನಲ್ಲೂ ಶೋಧ ಮಾಡಿತು. ಸಿಕ್ಕಿದ್ದು ಏನು ಗೊತ್ತಾ? ಮೊಬೈಲು, ಲ್ಯಾಪ್‌ಟಾಪು, ಸಿಮ್ ಕಾರ್ಡು. ನಕಲಿ ಟಿಕೆಟ್ ಮಾರಾಟವೂ ಆ ಕೇಸಿನಲ್ಲಿತ್ತು.

ಆದರೆ ನನಗೆ ಹೊಟ್ಟೆ ಉರಿಯುವುದು ಇದಕ್ಕಲ್ಲ. ಪ್ರಾಯೋಜಕರಿಗೆ, ಗಣ್ಯರಿಗೆ, ‘ನಮ್ಮವರಿಗೆ’ ಅಂತ ಪಾಸ್ ಹೋಗುತ್ತದೆ. ಅದು ಬುಕಿಂಗ್‌ಗೆ ಬರುವುದೇ ಇಲ್ಲ. ಒಮ್ಮೆ ಶೋ ಶುರುವಾಗುವ ಮುಂಚೆ ಟೀ ಕುಡಿಯಲು ಹಿಂದಿನ ಗೇಟಿನ ಅಂಗಡಿಗೆ ಹೋಗಿದ್ದೆ. ಬೆಳಿಗ್ಗೆ ನಾನೇ ರಬ್ಬರ್ ಬ್ಯಾಂಡ್ ಹಾಕಿ ಎಣಿಸಿ ಕೊಟ್ಟ ಪಾಸಿನ ಕಟ್ಟು ಅಲ್ಲಿ ಒಬ್ಬ ಅಪರಿಚಿತನ ಕೈಯಲ್ಲಿತ್ತು. ರಬ್ಬರ್ ಬ್ಯಾಂಡ್ ಕೂಡ ಅದೇ, ಹಸಿರು. ಒಂದಕ್ಕೆ ನಾಲ್ಕು ಸಾವಿರ ಹೇಳುತ್ತಿದ್ದ. ಮನುಷ್ಯರ ಬದಲು ತಾನೇ ಸರಸರನೆ ಟಿಕೆಟ್ ಬುಕ್ ಮಾಡುವ ಸಾಫ್ಟ್‌ವೇರ್, ಅಂದರೆ ಬಾಟ್, ಅದನ್ನೇ ಎಲ್ಲರೂ ಬೈಯುತ್ತಾರೆ. ಆ ಕಟ್ಟನ್ನು ಅಲ್ಲಿಗೆ ತಂದದ್ದು ಬಾಟ್ ಅಲ್ಲ.

ಪ್ರಶ್ನೆ (ಬೆಂಗಳೂರು): ನಮ್ಮ ಕಾಲದಲ್ಲಿ ಗಾಂಧಿನಗರದ ಥಿಯೇಟರ್ ಮುಂದೆ ‘ಬಾಲ್ಕನಿ ಐವತ್ತು, ಬಾಲ್ಕನಿ ಐವತ್ತು’ ಅಂತ ಪಿಸುಗುಡುವವರು ಇದ್ದರು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಸರ್, ಅವನ ಕೈಯಲ್ಲಿ ಟಿಕೆಟ್ ಇತ್ತು! ಮುಟ್ಟಿ ನೋಡಬಹುದಿತ್ತು. ಸಿನಿಮಾ ಶುರುವಾಗಿ ಹತ್ತು ನಿಮಿಷ ಕಳೆದರೆ ಅವನೇ ರೇಟು ಇಳಿಸಿ ಅಂಗಲಾಚುತ್ತಿದ್ದ. ಪೊಲೀಸರು ಬಂದರೆ ಓಡುತ್ತಿದ್ದ. ಈಗಿನವನು ಎಲ್ಲಿ ಕೂತಿದ್ದಾನೆ ಅಂತಲೇ ಗೊತ್ತಿಲ್ಲ, ಓಡುವ ಅಗತ್ಯವೂ ಇಲ್ಲ.

ಪ್ರಶ್ನೆ (ದಾವಣಗೆರೆ): ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಎರಡು ಟಿಕೆಟ್ 12,000ಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಬುಕಿಂಗ್ ಸ್ಕ್ರೀನ್‌ಶಾಟ್, ಆಧಾರ್ ಫೋಟೊ ಎಲ್ಲ ಕಳಿಸಿದ್ದಾರೆ. ನಂಬಬಹುದಾ?

ಉತ್ತರ: ಬೇಡ. ಆ ಆಧಾರ್ ಇನ್ನೊಬ್ಬ ಮೋಸ ಹೋದವರದ್ದು ಇರಬಹುದು.

ಗೇಟಿನಲ್ಲಿ ಕಂಡಿದ್ದು ಹೇಳುತ್ತೇನೆ. ಇಬ್ಬರು ಹುಡುಗಿಯರು, ರಾತ್ರಿ ಬಸ್ಸಿನಲ್ಲಿ ಬಂದವರು, ಕೆನ್ನೆಗೆ ಮಿನುಗು ಹಚ್ಚಿಕೊಂಡಿದ್ದರು. ಕ್ಯೂಆರ್ ಹಿಡಿದರು. ಮಷೀನ್ ಕೆಂಪು ತೋರಿಸಿ ಕೀಂಯ್ ಅಂತು: ಈಗಾಗಲೇ ಬಳಸಲಾಗಿದೆ. ಇಪ್ಪತ್ತು ನಿಮಿಷ ಮುಂಚೆ ಬೇರೆ ಯಾರೋ ಅದೇ ಕ್ಯೂಆರ್‌ನಲ್ಲಿ ಒಳಗೆ ಹೋಗಿದ್ದರು. ಈ ಹುಡುಗಿಯರನ್ನು ಪಕ್ಕಕ್ಕೆ ನಿಲ್ಲಿಸಿ ಮಾತಾಡುವಷ್ಟರಲ್ಲಿ ಅದೇ ಕ್ಯೂಆರ್ ಹಿಡಿದು ಮೂರನೆಯವನು ಬಂದ. ಆ ಮೋಸಗಾರ ಒಂದು ಸ್ಕ್ರೀನ್‌ಶಾಟನ್ನು ಎಷ್ಟು ಜನಕ್ಕೆ ಮಾರಿದ್ದನೋ. ಮೊದಲು ಬಂದವರಿಗೆ ಹಸಿರು, ಮಿಕ್ಕವರಿಗೆಲ್ಲ ಕೆಂಪು. ನಮ್ಮ ಕೈಯಲ್ಲೂ ಏನೂ ಇರಲ್ಲ. ಆ ಹುಡುಗಿಯರು ಬೇಲಿ ಹೊರಗೆ ಚಪ್ಪಲಿ ಬಿಚ್ಚಿ ಅದರ ಮೇಲೆ ಕೂತು ಪೂರ್ತಿ ಕಾರ್ಯಕ್ರಮ ಕೇಳಿದರು. ನಾನು ನೀರಿನ ಬಾಟಲಿ ಕೊಟ್ಟೆ, ಅಷ್ಟೇ.

ದಾವಣಗೆರೆ: ವಿಡಿಯೊ ಕಾಲ್‌ನಲ್ಲಿ ಆ್ಯಪ್ ತೆರೆದು ತೋರಿಸಿದರೆ?

ಉತ್ತರ: ಅವನ ಹತ್ತಿರ ಇದೆ ಅಂತ ಗೊತ್ತಾಗುತ್ತದೆ, ನಿಮಗೊಬ್ಬರಿಗೇ ಕೊಡುತ್ತಾನೆ ಅಂತ ಗೊತ್ತಾಗಲ್ಲ. ಅಧಿಕೃತ ಆ್ಯಪ್‌ನಲ್ಲೇ ನಿಮ್ಮ ಖಾತೆಗೆ ವರ್ಗ ಮಾಡುವ ಸೌಲಭ್ಯ ಇದ್ದರೆ ಮಾತ್ರ ಮುಂದುವರಿಯಿರಿ. ದುಡ್ಡು ಹಾಕಿ ಮೋಸ ಹೋಗಿದ್ದರೆ ನಾಚಿಕೆ ಪಡುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಯುವ ಅವಕಾಶ ಜಾಸ್ತಿ.

ಪ್ರಶ್ನೆ (ಕಲಬುರಗಿ): ಇದಕ್ಕೆಲ್ಲ ಕಾನೂನು ಇಲ್ಲವಾ?

ಉತ್ತರ: ನಾನು ವಕೀಲ ಅಲ್ಲ. ಸಂಗೀತ ಕಾರ್ಯಕ್ರಮದ ಟಿಕೆಟ್ ಮರುಮಾರಾಟಕ್ಕೆ ಅಂತಲೇ ಇಡೀ ದೇಶಕ್ಕೆ ಒಂದು ಕಾನೂನು ನಮ್ಮಲ್ಲಿಲ್ಲ. ಕೋಲ್ಡ್‌ಪ್ಲೇ ಗಲಾಟೆಯ ನಂತರ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2025ರ ಜನವರಿಯಲ್ಲಿ ಕೋರ್ಟ್ ಅದನ್ನು ವಜಾ ಮಾಡಿತು. ಇದು ಶಾಸನ ಮಾಡುವವರ ಕೆಲಸ ಎಂದಿತು. ಐರ್ಲೆಂಡಿನಲ್ಲಿ 2021ರಿಂದ ದೊಡ್ಡ ಜಾಗಗಳ ಟಿಕೆಟನ್ನು ಮೂಲ ಬೆಲೆಗಿಂತ ಜಾಸ್ತಿಗೆ ಮಾರುವ ಹಾಗಿಲ್ಲ. ಅಮೆರಿಕ 2016ರಲ್ಲೇ ಬಾಟ್ ವಿರುದ್ಧ ಕಾನೂನು ಮಾಡಿತು. ಮೊದಲ ಕೇಸು ಹಾಕಿದ್ದು 2021ರಲ್ಲಿ, ಮೂವರು ದಲ್ಲಾಳಿಗಳ ಮೇಲೆ. ನಾಲ್ಕು ವರ್ಷ ಅದು ಕಾಗದದಲ್ಲೇ ಇತ್ತು.

ಪ್ರಶ್ನೆ (ಶಿವಮೊಗ್ಗ): ದುಡ್ಡಿದ್ದವರು ಕೊಳ್ಳುತ್ತಾರೆ, ಬಿಡಿ. ಕಲಾವಿದರಿಗೆ ಏನು ನಷ್ಟ? ಟಿಕೆಟ್ ಹೇಗೂ ಖಾಲಿ ಆಯಿತಲ್ಲ.

ಉತ್ತರ: ಕೋಲ್ಡ್‌ಪ್ಲೇಯಲ್ಲಿ 2,500 ರೂಪಾಯಿಯ ಟಿಕೆಟ್ ಕೂಡ ಇತ್ತು. ಅಷ್ಟು ಕಡಿಮೆ ಇಟ್ಟರೆ ಕಾಲೇಜು ಹುಡುಗರೂ ಬರಬಹುದು. ಆ ಟಿಕೆಟ್ 15,000ಕ್ಕೆ ಹೋದರೆ ಮಧ್ಯದ 12,500ರಲ್ಲಿ ಹಾಡಿದವರಿಗೂ ಇಲ್ಲ, ಲೈಟು ಕಟ್ಟಿದವರಿಗೂ ಇಲ್ಲ. ಒಂದು ಶೋಗೆ ವರ್ಷದ ದುಡ್ಡು ಸುರಿದವರು ಆಮೇಲೆ ಇಂದಿರಾನಗರದ ಸಣ್ಣ ಜಾಗದಲ್ಲಿ ನಮ್ಮ ಹುಡುಗರ ಕನ್ನಡ ಬ್ಯಾಂಡ್ ಇದ್ದರೆ 499 ಕೊಡಲೂ ಹಿಂದೆಮುಂದೆ ನೋಡುತ್ತಾರೆ. ಹತ್ತಿಪ್ಪತ್ತು ಜನರ ಮುಂದೆ ಹಾಡಿ ಡ್ರಮ್ ಸೆಟ್ ಆಟೊದಲ್ಲಿ ಹಾಕಿಕೊಂಡು ಹೋದವರನ್ನು ನೋಡಿದ್ದೇನೆ. ಬ್ಲ್ಯಾಕಿನ ಪೆಟ್ಟು ಬೀಳುವುದು ಅಲ್ಲಿ ಅಂತ ನನ್ನ ಅನಿಸಿಕೆ.

ಮೈಸೂರು: ನಾನು ಮತ್ತೆ ಬಂದೆ. ಮುಂದಿನ ಸಲ ಏನು ಮಾಡಲಿ?

ಉತ್ತರ: ಬುಕಿಂಗ್‌ನಲ್ಲಿ ಸಿಗದಿದ್ದರೆ ಮೊದಲ ವಾರ ಬ್ಲ್ಯಾಕಿನಲ್ಲಿ ಏನೂ ಕೊಳ್ಳಬೇಡಿ. ಬ್ಲ್ಯಾಕಿನವರು ಬದುಕುವುದೇ ಆ ವಾರದ ಗಾಬರಿಯಲ್ಲಿ. ಕೋಲ್ಡ್‌ಪ್ಲೇಗೆ ನವೆಂಬರ್‌ನಲ್ಲಿ ಅಹಮದಾಬಾದ್ ಶೋ ಸೇರಿಸಿದರು, ಲಕ್ಷಕ್ಕೂ ಜಾಸ್ತಿ ಜನ ಹಿಡಿಸುವ ಕ್ರೀಡಾಂಗಣ. ಸೆಪ್ಟೆಂಬರ್‌ನಲ್ಲಿ ಹಲ್ಲು ಕಚ್ಚಿ ಕಾದ ಎಷ್ಟೋ ಜನಕ್ಕೆ ಅಲ್ಲಿ ಸರಿಯಾದ ಬೆಲೆಗೆ ಸಿಕ್ಕಿತು. ಹೊಸ ಶೋ ಸೇರಿಸದಿದ್ದರೂ ಇನ್ನೊಂದು ದಾರಿ ಇದೆ. ಕ್ಯಾಮೆರಾ ಎಲ್ಲಿ, ಸ್ಪೀಕರ್ ಎಲ್ಲಿ ಅಂತ ತೀರ್ಮಾನ ಆಗುವವರೆಗೆ ನಾವು ಒಂದಷ್ಟು ಸೀಟು ಹಿಡಿದಿಟ್ಟಿರುತ್ತೇವೆ. ವೇದಿಕೆ ಕಟ್ಟಿದ ಮೇಲೆ ಬೇಡವಾದದ್ದನ್ನು ಸದ್ದಿಲ್ಲದೆ ಬಿಡುತ್ತೇವೆ, ಸಾಮಾನ್ಯವಾಗಿ ಕೊನೆಯ ಮೂರು ನಾಲ್ಕು ದಿನದಲ್ಲಿ. ಜಾಹೀರಾತು ಇರಲ್ಲ. ಅಧಿಕೃತ ಆ್ಯಪ್ ಆಗಾಗ ತೆರೆದು ನೋಡುತ್ತಿರಬೇಕು.

ಮೈಸೂರು: ಅಮ್ಮನಿಗೆ ಹೇಳಿದೆ. ಈ ಸಲ ಸಾರು ಇಳಿಸಿದ ಮೇಲೆಯೇ ನೋಡುತ್ತಾರಂತೆ.