ಕಾರ್ನ್ ಸ್ನೇಕ್ ಅರ್ಧಕ್ಕೇ ಮೊಟ್ಟೆ ಇಡುವುದನ್ನು ನಿಲ್ಲಿಸಿದೆ: ಎಷ್ಟು ಹೊತ್ತು ಕಾಯಬಹುದು?

ಪ್ರಶ್ನೆ

ಸಾಕಣೆಯಲ್ಲೇ ಹುಟ್ಟಿ ಬೆಳೆದ ನನ್ನ ಹೆಣ್ಣು ಕಾರ್ನ್ ಸ್ನೇಕ್‌ಗೆ (ಮನೆಯಲ್ಲಿ ಸಾಕುವ ವಿಷವಿಲ್ಲದ ಹಾವು) ಇವು ಮೊದಲ ಮೊಟ್ಟೆಗಳು. ಪೊರೆ ಕಳಚಿದ ಒಂದೂವರೆ ವಾರದ ಬಳಿಕ, ನಿನ್ನೆ ಬೆಳಿಗ್ಗೆ ಒಂಬತ್ತು ಮೊಟ್ಟೆಗಳನ್ನಿಟ್ಟು ಸುಮ್ಮನಾಯಿತು. ಬಾಲದ ಕಡೆಗೆ ಇನ್ನೂ ಎರಡು ಉಬ್ಬುಗಳು ಸ್ಪಷ್ಟವಾಗಿ ಕಾಣುತ್ತಿವೆ. ರಾತ್ರಿಯವರೆಗೂ ಮೈ ಅಲೆಯಲೆಯಾಗಿ ಬಿಗಿಯುತ್ತಿತ್ತು, ಇಂದು ಅದೂ ನಿಂತಿದೆ. ಹಾವು ಚುರುಕಾಗಿದ್ದು, ನೀರು ಕುಡಿದಿದೆ. ಹೊರಗಿನಿಂದ ಮೆಲ್ಲಗೆ ಒತ್ತಿ ಮೊಟ್ಟೆಯನ್ನು ಜಾರಿಸಬಹುದೆಂದು ಪರಿಚಿತರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ 1

ದಯವಿಟ್ಟು ಒತ್ತಬೇಡಿ. ಮೊಟ್ಟೆ ಹೊರಬರುವ ದಾರಿಯಾದ ಅಂಡನಾಳದ ಗೋಡೆ ಹಾವುಗಳಲ್ಲಿ ಬಹಳ ತೆಳು. ಒಳಗೆ ನಿಂತ ಮೊಟ್ಟೆ ಆ ಗೋಡೆಗೆ ಅಂಟಿಕೊಂಡಿದ್ದರೆ, ಒತ್ತಡಕ್ಕೆ ನಾಳವೇ ಹರಿಯಬಹುದು, ಮೊಟ್ಟೆ ಒಳಗೇ ಒಡೆಯಬಹುದು, ಇಲ್ಲವೇ ನಾಳದ ಒಂದು ಭಾಗ ಮಲದ್ವಾರದಿಂದ ಹೊರಕ್ಕೆ ಜಾರಬಹುದು. ಒಂದೆರಡು ಮೊಟ್ಟೆ ಉಳಿಸಿಕೊಂಡ ಹಾವನ್ನು ಬದುಕಿಸುವುದು ಸಾಧ್ಯ, ಆದರೆ ನಾಳ ಹರಿದ ಹಾವನ್ನು ಉಳಿಸುವುದು ಬಹಳ ಕಷ್ಟ.

ಹಾಗೆಂದು ಕಾಯುತ್ತಲೇ ಇರುವುದೂ ಸರಿಯಲ್ಲ. ಆರೋಗ್ಯವಾಗಿರುವ ಹಾವು ಸಾಮಾನ್ಯವಾಗಿ ಒಂದು ದಿನದೊಳಗೆ ಎಲ್ಲ ಮೊಟ್ಟೆಗಳನ್ನೂ ಇಟ್ಟು ಮುಗಿಸುತ್ತದೆ. ಎರಡು ದಿನ ದಾಟಿತೆಂದರೆ ಒಳಗಿನ ಮೊಟ್ಟೆ ಗಟ್ಟಿಯಾಗತೊಡಗಿ, ಸುಲಭದ ಚಿಕಿತ್ಸೆಯ ಅವಕಾಶ ಕೈತಪ್ಪುತ್ತದೆ. ಆದ್ದರಿಂದ ಸರೀಸೃಪಗಳನ್ನು ನೋಡುವ ಪಶುವೈದ್ಯರನ್ನು ಇಂದೇ ಸಂಪರ್ಕಿಸಿ. ಅಲ್ಲಿಯವರೆಗೆ ಒದ್ದೆ ಪಾಚಿ ತುಂಬಿದ, ಹಾವು ಸುರುಳಿ ಸುತ್ತಿ ಕೂರುವಷ್ಟೇ ಜಾಗವಿರುವ ಮುಚ್ಚಿದ ಡಬ್ಬಿಯೊಂದನ್ನು ಬೆಚ್ಚಗಿನ ಬದಿಯಲ್ಲಿಟ್ಟು, ಪದೇ ಪದೇ ಮುಚ್ಚಳ ತೆರೆದು ನೋಡದೆ ಬಿಡಿ.

ಉತ್ತರ 2

ನಾನು ಪಶುವೈದ್ಯ. ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಮೊದಲು ಎಕ್ಸ್-ರೇ ಅಥವಾ ಸ್ಕ್ಯಾನಿಂಗ್ ಆಗಬೇಕು, ಏಕೆಂದರೆ ಮೊಟ್ಟೆ ವಿಪರೀತ ದೊಡ್ಡದಾಗಿಯೋ ವಿಕಾರವಾಗಿಯೋ ಇದ್ದು ದಾರಿಯಲ್ಲಿ ಸಿಕ್ಕಿಕೊಂಡಿದೆಯೇ, ಅಥವಾ ದಾರಿ ತೆರವಾಗಿದ್ದೂ ಸ್ನಾಯುಗಳು ದಣಿದು ನಿಂತಿವೆಯೇ ಎಂಬುದು ತಿಳಿಯದೆ ಔಷಧಿ ಕೊಡುವಂತಿಲ್ಲ. ಅಡ್ಡಿಯಿರುವಾಗ, ಅಂಡನಾಳದ ಸ್ನಾಯುಗಳನ್ನು ಬಿಗಿಯಿಸುವ ಆಕ್ಸಿಟೋಸಿನ್ ಎಂಬ ಔಷಧಿ ಚುಚ್ಚಿದರೆ ನಾಳ ಒಡೆಯುವ ಅಪಾಯವಿದೆ. ಅಡ್ಡಿಯಿಲ್ಲದಿದ್ದರೂ ಆ ಔಷಧಿ ಆಮೆಗಳಲ್ಲಿ ಫಲಿಸುವಷ್ಟು ಹಾವುಗಳಲ್ಲಿ ಫಲಿಸುವುದಿಲ್ಲ. ಹಾವಿಗೆ ನೀರಿನಂಶ ತುಂಬಿ, ಮೈ ಬೆಚ್ಚಗಾಗಿಸಿದ ಮೇಲೆ, ಮೊದಲ ಒಂದೆರಡು ದಿನಗಳಲ್ಲಿ ಕೊಟ್ಟರೆ ಮಾತ್ರ ಅದರಿಂದ ಏನಾದರೂ ನಿರೀಕ್ಷಿಸಬಹುದು.

ಸುಲಭದ ಚಿಕಿತ್ಸೆ ಎಂದರೆ ಸೂಜಿಯದು. ಹೊಟ್ಟೆಯ ಅಡಿಭಾಗದ ಹುರುಪೆಗಳ ನಡುವೆ ಸೂಜಿ ತೂರಿಸಿ, ಮೊಟ್ಟೆಯೊಳಗಿನ ದ್ರವವನ್ನು ಸಿರಿಂಜಿನಲ್ಲಿ ಎಳೆದುಕೊಂಡರೆ ಮೊಟ್ಟೆ ಕುಗ್ಗುತ್ತದೆ. ಅನಂತರದ ಒಂದೆರಡು ದಿನಗಳಲ್ಲಿ ಹಾವು ಅದನ್ನು ತಾನೇ ಹೊರಹಾಕುವುದುಂಟು. ಒಳಗಿನ ದ್ರವ ಗಟ್ಟಿಯಾದ ಮೇಲೆ ಇದು ಆಗುವುದಿಲ್ಲ, ಆಗ ಶಸ್ತ್ರಚಿಕಿತ್ಸೆಯೇ ದಾರಿ. ಇದನ್ನು ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಹಾವು ಬಾಯಿ ತೆರೆದು ಉಸಿರಾಡಿದರೆ, ಮೈ ಸಡಿಲವಾದರೆ ಅಥವಾ ಮಲದ್ವಾರದಲ್ಲಿ ಕೆಂಪು ಮಾಂಸ ಕಂಡರೆ ಸಮಯ ಕೇಳುತ್ತಾ ಕೂರದೆ ನೇರವಾಗಿ ಕರೆದೊಯ್ಯಿರಿ.

ಉತ್ತರ 3

ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನೀರಿನಂಶ ಕಡಿಮೆಯಾದ ಹಾವಿಗೆ ಸ್ವಲ್ಪ ಹೊತ್ತು ಹಾಗೆ ಮಾಡಿದರೆ ಅನುಕೂಲವಾದೀತು. ಸಿಕ್ಕಿಕೊಂಡ ಮೊಟ್ಟೆಯನ್ನು ಅದು ಬಿಡಿಸಲಾರದು. ಮೂಲ ಕಾರಣ ಬಹಳ ಸಲ ನಮ್ಮ ಸಾಕಣೆಯಲ್ಲೇ ಇರುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಹೆಚ್ಚು ಆಹಾರ ತಿಂದು ಕೊಬ್ಬಿದ ಹಾವಿಗೆ ಮೊಟ್ಟೆ ತಳ್ಳುವಷ್ಟು ಸ್ನಾಯುಬಲ ಬೆಳೆದಿರುವುದಿಲ್ಲ. ಕಾರ್ನ್ ಸ್ನೇಕ್ ಸಾಕುವವರಲ್ಲಿ ಮೂರು ವರ್ಷ, ಮೂರು ಅಡಿ, ಮುನ್ನೂರು ಗ್ರಾಂ ತುಂಬದೆ ಗಂಡಿನ ಜೊತೆ ಬಿಡಬಾರದು ಎಂಬ ರೂಢಿಯಿದೆ. ಅದು ಕನಿಷ್ಠ ಮಿತಿ ಮಾತ್ರ. ಗಂಡಿನ ಸಂಗವೇ ಇಲ್ಲದ ಹೆಣ್ಣೂ ಬಂಜೆ ಮೊಟ್ಟೆ ಇಡಬಹುದು, ಅವೂ ಸಿಕ್ಕಿಕೊಳ್ಳಬಹುದು. ಆದುದರಿಂದ ಒಂಟಿ ಹೆಣ್ಣನ್ನು ಸಾಕುವವರೂ ಒದ್ದೆ ಪಾಚಿಯ ಡಬ್ಬಿ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಸಂಜೆಗೆ ವೈದ್ಯರ ಸಮಯ ಸಿಕ್ಕಿದೆ. ಈಗಾಗಲೇ ಇಟ್ಟಿರುವ ಒಂಬತ್ತು ಮೊಟ್ಟೆಗಳನ್ನು ಏನು ಮಾಡಲಿ?

ಉತ್ತರ 1

ಒಂದಕ್ಕೊಂದು ಅಂಟಿದ್ದರೆ ಬಿಡಿಸಬೇಡಿ. ಇದ್ದ ಭಂಗಿಯಲ್ಲೇ, ಮೇಲು ಕೆಳಗಾಗದಂತೆ ಎತ್ತಿ ತೇವವಿರುವ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಚೂರುಗಳು) ಮೇಲಿಟ್ಟು, 27ರಿಂದ 29 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಡಿ. ಒಳ್ಳೆಯ ಮೊಟ್ಟೆಗಳು ಸುಮಾರು ಎರಡು ತಿಂಗಳಲ್ಲಿ ಒಡೆಯುತ್ತವೆ. ಒಳಗೆ ಉಳಿದ ಎರಡರಿಂದ ಮರಿ ನಿರೀಕ್ಷಿಸಬೇಡಿ. ಎಕ್ಸ್-ರೇಯಲ್ಲಿ ಏನು ಕಂಡಿತೆಂದು ತಪ್ಪದೆ ತಿಳಿಸಿ.