2021ರ ಹೊಸ ಸಿಯೆನ್ನಾ: ಕೊಳ್ಳುವ ಮುಂಚೆ ಕೇಳಿ

ಗ್ಯಾರೇಜ್ ಅಣ್ಣ: ಟೊಯೊಟಾ ಸಿಯೆನ್ನಾ ಮಿನಿವ್ಯಾನ್ 2021ರ ಮಾದರಿಯಿಂದ ಪೂರ್ತಿ ಹೊಸ ರೂಪದಲ್ಲಿ ಬಂದಿದೆ. ಆರು ಸಿಲಿಂಡರಿನ ವಿ6 ಎಂಜಿನ್ ಹೋಯಿತು, ಇನ್ನು ಎಲ್ಲ ಮಾದರಿಯೂ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರು. 2.5 ಲೀಟರ್ ಎಂಜಿನ್, ಮೋಟಾರು ಸೇರಿ 245 ಎಚ್‌ಪಿ. ನನ್ನ ಕೆಲಸವೇ ಹೈಬ್ರಿಡ್ ಗಾಡಿಗಳದ್ದು, ಏನಿದ್ದರೂ ಕೇಳಿ.

ಹಳೇ ವಿ6: ವಿ6 ಬೇಕು ಅಂದರೆ ಸಿಗುತ್ತದಾ ಸರ್?

ಗ್ಯಾರೇಜ್ ಅಣ್ಣ: ಇಲ್ಲ.

ಮೂರು ಮಕ್ಕಳ ಅಮ್ಮ: ನಮಸ್ಕಾರ ಅಣ್ಣ. ಎರಡನೇ ಸಾಲಿನ ಸೀಟು 25 ಇಂಚು ಹಿಂದೆ ಮುಂದೆ ಜರುಗುತ್ತದಂತೆ, ದುಬಾರಿ ಮಾದರಿಯಲ್ಲಿ ಕಾಲು ಚಾಚಲು ಆಸರೆಯೂ ಇದೆಯಂತೆ. ನಮ್ಮ ಅತ್ತೆಗೆ ಸೊಂಟನೋವು. ದೂರದ ಪ್ರಯಾಣದಲ್ಲಿ ಮಲಗಿಸಿಕೊಂಡೇ ಕರೆದುಕೊಂಡು ಹೋಗಬಹುದು ಅಲ್ವಾ? ಬೆಲ್ಟ್ ಹಾಕಿರುತ್ತಾರೆ.

ಗ್ಯಾರೇಜ್ ಅಣ್ಣ: ಬೇಡ ಅಕ್ಕ, ದಯವಿಟ್ಟು ಬೇಡ. ಇದನ್ನು ಎಲ್ಲರೂ ಓದಿ. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂತಿರಬೇಕು, ಮೇಲ್ಪಟ್ಟಿ ಎದೆಗೆ ಒತ್ತಿಕೊಂಡಿರಬೇಕು, ಆಗ ಮಾತ್ರ ಅದು ಕಾಪಾಡುತ್ತದೆ. ಒರಗಿ ಮಲಗಿದರೆ ಮೇಲ್ಪಟ್ಟಿ ಎದೆ ಬಿಟ್ಟು ಗಾಳಿಯಲ್ಲಿ ನಿಲ್ಲುತ್ತದೆ. ಡಿಕ್ಕಿಯಾದಾಗ ಮೈ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರುತ್ತದೆ, ಕೆಳಪಟ್ಟಿ ಹೊಟ್ಟೆಗೆ ಏರುತ್ತದೆ. ಆಮೇಲೆ ಪೆಟ್ಟು ಬೀಳುವುದು ಕರುಳಿಗೆ, ಬೆನ್ನುಮೂಳೆಗೆ. ವಯಸ್ಸಾದವರ ಮೂಳೆ ಇದನ್ನು ತಡೆಯುವುದಿಲ್ಲ. ಗಾಡಿ ಓಡುವಾಗ ಅತ್ತೆಯವರು ನೆಟ್ಟಗೆ ಕೂರಲಿ, ಒರಗಿದರೂ ಬೆಲ್ಟ್ ಎದೆಗೆ ತಾಗಿರುವಷ್ಟೇ. ನಿಲ್ಲಿಸಿದಾಗ ಕಾಲು ಚಾಚಿ ಮಲಗಲಿ, ಆ ಆಸರೆಯ ಸುಖ ಅಲ್ಲಿ ಸಿಗಲಿ. ಸ್ವಲ್ಪ ಹೆಚ್ಚೇ ಸಲ ನಿಲ್ಲಿಸಿ, ತಡವಾದರೆ ಆಗಲಿ. ಇನ್ನೊಂದು, ಸೀಟನ್ನು ಪೂರ್ತಿ ಹಿಂದೆ ಜರುಗಿಸಿದರೆ ಮೂರನೇ ಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಮ್ಮ ಮೂರು ಮಕ್ಕಳು ಎಲ್ಲಿ ಕೂರುತ್ತಾರೆ? ಕಾರ್ ಸೀಟುಗಳನ್ನೆಲ್ಲ ತೆಗೆದುಕೊಂಡು ಹೋಗಿ ಶೋರೂಮಿನಲ್ಲೇ ಕೂರಿಸಿ ನೋಡಿ.

ಮೂರು ಮಕ್ಕಳ ಅಮ್ಮ: ಅಯ್ಯೋ, ಇದು ಗೊತ್ತೇ ಇರಲಿಲ್ಲ. ಮಗುವಿನ ಸೀಟು ಮೂರನೇ ಸಾಲಿನ ಮಧ್ಯದಲ್ಲಿ ಹಾಕಬಹುದಾ?

ಲಗೇಜ್ ಜಾಸ್ತಿ: ಎರಡನೇ ಸಾಲಿನ ಸೀಟು ಬಿಚ್ಚಿ ಹೊರಗಿಡಬಹುದಾ?

ಗ್ಯಾರೇಜ್ ಅಣ್ಣ: ಎರಡನೇ ಸಾಲಿನದನ್ನು ಬಿಚ್ಚಲು ಆಗಲ್ಲ. ಸೀಟಿನೊಳಗೇ ಏರ್‌ಬ್ಯಾಗ್ ಇದೆ. ಮೂರನೇ ಸಾಲು ಮಾತ್ರ ನೆಲದೊಳಗೆ ಮಡಚಿಕೊಳ್ಳುತ್ತದೆ.

ಹಳೇ ವಿ6: ನೋಡಿದಿರಾ? ಹೋಂಡಾ ಒಡಿಸ್ಸಿ ವ್ಯಾನಿನಲ್ಲಿ ಸೀಟೂ ಬಿಚ್ಚಬಹುದು, 280 ಎಚ್‌ಪಿ ವಿ6 ಕೂಡ ಇದೆ. ಈ ಸಿಯೆನ್ನಾ ಟ್ರೇಲರ್ ಎಳೆಯುತ್ತದಾ?

ಮೈಲೇಜ್ ಮುಖ್ಯ: ಎಳೆಯುತ್ತದೆ ಸ್ವಾಮಿ, 3,500 ಪೌಂಡ್. ಹಳೇ ಸಿಯೆನ್ನಾದ್ದೂ ಅಷ್ಟೇ ಇತ್ತು. ಇದು ಗ್ಯಾಲನ್‌ಗೆ 36 ಮೈಲಿ ಕೊಡುತ್ತದೆ.

ಹಳೇ ವಿ6: ಮಕ್ಕಳು, ಸಾಮಾನು ತುಂಬಿ ಗುಡ್ಡ ಹತ್ತಿಸಿ ನೋಡಿ, ಎಂಜಿನ್ ಕೂಗಾಟ ಕೇಳಿಸುತ್ತದೆ.

ಮೈಲೇಜ್ ಮುಖ್ಯ: ಓಡಿಸಿದ್ದೀರಾ? ಇಲ್ಲ ಅಲ್ವಾ? ಸುಮ್ನೆ ಮಾತು.

ಹಳೇ ವಿ6: ನೀವು ಓಡಿಸಿದ್ದೀರಾ?

ಹಿಮದ ದಾರಿ: ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ ಇದೆಯಾ ಅಣ್ಣ?

ಗ್ಯಾರೇಜ್ ಅಣ್ಣ: ಇದೆ. ಹಿಂದಿನ ಚಕ್ರಗಳಿಗೆ ಬೇರೆ ಮೋಟಾರು, ನಡುವೆ ಉದ್ದ ಶಾಫ್ಟ್ ಇಲ್ಲ. ಆದರೂ ಹಿಮಕ್ಕೆ ಟೈರೇ ಮುಖ್ಯ.

ಹಿರಿಯ ಸದಸ್ಯ: ಎಚ್ಚರಿಕೆ, ಎಲ್ಲರಿಗೂ ಕಳಿಸಿ! ಹೈಬ್ರಿಡ್ ಬ್ಯಾಟರಿ ಮುಂದಿನ ಸೀಟಿನ ಕೆಳಗಿದೆ, ವಿಕಿರಣ ಬರುತ್ತದೆ. ಸೀಟಿನಡಿ ಅಲ್ಯೂಮಿನಿಯಂ ಹಾಳೆ ಹಾಸಿದರೆ ಸಾಕು.

ಗ್ಯಾರೇಜ್ ಅಣ್ಣ: ಹಾಸಬೇಡಿ! ಬ್ಯಾಟರಿ ಇರುವುದು ಅಲ್ಲೇ ನಿಜ, ಆದರೆ ಹಾನಿ ಮಾಡುವ ವಿಕಿರಣ ಬರುವುದಿಲ್ಲ; ತಂಪಾಗಲು ಅದು ಕ್ಯಾಬಿನ್ನಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಿಂಡಿ ಮುಚ್ಚಿದರೆ ಬಿಸಿಯಾಗಿ ಬ್ಯಾಟರಿ ಹಾಳಾಗುತ್ತದೆ. ಕಿತ್ತಳೆ ಬಣ್ಣದ ತಂತಿ ಕಂಡರೆ ಅದು ಹೈ ವೋಲ್ಟೇಜ್, ಕೈ ಹಾಕಲೇಬೇಡಿ. ಯಾರೋ ಕಳಿಸಿದರು ಅಂತ ಇಂಥದ್ದನ್ನು ಇಲ್ಲಿ ಹಂಚಬೇಡಿ.

ಹಿರಿಯ ಸದಸ್ಯ: ಒಳ್ಳೆಯದಕ್ಕೆ ಹಾಕಿದೆ. ಬೆಲ್ಟ್ ಒತ್ತದ ಹಾಗೆ ಕ್ಲಿಪ್ ಹಾಕಿದರೆ ಆ ಅತ್ತೆಗೂ ಆರಾಮ.

ಗ್ಯಾರೇಜ್ ಅಣ್ಣ: ಸಡಿಲವಾದ ಬೆಲ್ಟ್ ಇದ್ದೂ ಇಲ್ಲದ ಹಾಗೆ! ಮೇಲೆ ಅಷ್ಟು ಬರೆದದ್ದು ಯಾರಿಗೆ?

ಹೊಸಬ: ಇದನ್ನು ರಾತ್ರಿ ಚಾರ್ಜ್ ಮಾಡಬೇಕಾ?

ಗ್ಯಾರೇಜ್ ಅಣ್ಣ: ಬೇಡ.

ಲಗೇಜ್ ಜಾಸ್ತಿ: ಒಳಗೇ ವ್ಯಾಕ್ಯೂಮ್, ಫ್ರಿಜ್ ಬರುತ್ತದಂತೆ, ಎಲ್ಲ ಮಾದರಿಯಲ್ಲೂ ಇರುತ್ತದಾ?

ಹಳೇ ವಿ6: ಫ್ರಿಜ್ ಯಾರಿಗೆ ಬೇಕು, ಎಂಜಿನ್ ಕೊಡಲಿ.

ಮೈಲೇಜ್ ಮುಖ್ಯ: ಒಡಿಸ್ಸಿ ತಗೊಳ್ಳಿ, ನಮ್ಮನ್ನು ಬಿಡಿ.

ಇನ್ನೊಬ್ಬ ಹೊಸಬ: ಚಾರ್ಜರ್ ಗಾಡಿ ಜೊತೆಗೇ ಕೊಡುತ್ತಾರಾ?

ಗ್ಯಾರೇಜ್ ಅಣ್ಣ: ಮೇಲೆ ಓದಿ.