ಬೋರ್ ಬತ್ತಿದ ಹೊಲದಲ್ಲಿ ಹಣ್ಣಿನ ಗಿಡ ಹಚ್ಚಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು: ಶಿರಹಟ್ಟಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ. ಎರಡು ಎಕರೆ ಮಸಾರಿ (ಕೆಂಪು ಮಣ್ಣು), ಸ್ವಲ್ಪ ಇಳಿಜಾರು. ಉಳಿದೆರಡು ಎರೆ (ಕಪ್ಪು ಮಣ್ಣು) ಹೊಲ. ಬೋರ್ ಬತ್ತಿದೆ. 21 ಮೀಟರ್ ಚೌಕ, 3 ಮೀಟರ್ ಆಳದ ಕೃಷಿ ಹೊಂಡ ಇದೆ. ಇಲ್ಲಿವರೆಗೂ ಶೇಂಗಾ, ಗೋವಿನಜೋಳ, ಹಿಂಗಾರಿಗೆ ಕಡಲೆ. ಅಪ್ಪಗೆ ವಯಸ್ಸಾಯಿತು, ಪ್ರತಿ ವರ್ಷ ಬಿತ್ತಿ ಹರಗೋದು ಅವರಿಂದ ಆಗುತ್ತಿಲ್ಲ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ರಜೆ ಸಿಕ್ಕಾಗ ಊರಿಗೆ ಹೋಗುತ್ತೇನೆ. ಒಣ ಸೀಮೆಯ ಹಣ್ಣು-ತರಕಾರಿ ಸಂಶೋಧನೆಗೆ ಅಂತಲೇ ರಾಜಸ್ಥಾನದ ಬಿಕಾನೇರಿನಲ್ಲಿ ಕೇಂದ್ರ ಸಂಸ್ಥೆ ಇದೆ ಅಂತ ಓದಿದೆ. ಅಲ್ಲಿಂದ ಬಾರೆ (ಎಲಚಿ) ಸಸಿ ತರಿಸುವ ವಿಚಾರ ಇದೆ. ಮನೆಯಲ್ಲಿ ದಾಳಿಂಬೆ ಹಚ್ಚು ಅನ್ನುತ್ತಾರೆ. ಅಲ್ಲಿಯ ಸಂಶೋಧನೆ ನಮ್ಮ ಹೊಲಕ್ಕೆ ಹೊಂದುತ್ತದಾ? ಗಿಡ ಫಲ ಕೊಡುವ ತನಕ ಏನು ಬೆಳೆಯಬೇಕು?

ಮುಂಡರಗಿ ಕಡೆಯ ರೈತ

ತಮ್ಮಾ, ಮಸಾರಿಗೆ ಬಾರೆ ಒಳ್ಳೆ ಆಯ್ಕೆ. ನಮ್ಮ ಮಡ್ಡಿ ಹೊಲದಲ್ಲಿ ಇದೆ, ಹಾಗಾಗಿ ಧೈರ್ಯದಿಂದ ಹೇಳುತ್ತೇನೆ. ಆದರೆ ಸಸಿ ದೂರದಿಂದ ತರಿಸುವ ಮೊದಲು ಒಂದು ಮಾತು ಕೇಳು. ಬಾರೆ ಗಿಡದ ಜೀವ ಅದರ ತಾಯಿಬೇರಿನಲ್ಲಿದೆ. ಆ ಬೇರು ನೆಟ್ಟಗೆ ಕೆಳಗೆ ಇಳಿದರೆ ಗಿಡ ಬೇಸಿಗೆ ತಡೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ನಿಂತ ಸಸಿಯ ಬೇರು ತಳದಲ್ಲಿ ಸುತ್ತಿಕೊಂಡಿರುತ್ತದೆ. ಅದನ್ನು ಹಚ್ಚಿದರೆ ಮೇಲೆ ಹಸಿರಾಗಿಯೇ ಕಾಣುತ್ತದೆ, ಆದರೆ ನೀರು ನಿಲ್ಲಿಸಿದ ಕೂಡಲೇ ಒಣಗುತ್ತದೆ.

ನಾವು ಮಾಡಿದ್ದು ಹೀಗೆ. ಜವಾರಿ ಬಾರೆ ಬೀಜವನ್ನು ಗುಂಡಿಯಲ್ಲೇ ಹಾಕಿದೆವು. ಗುಂಡಿಗೆ ಎರಡು ಮೂರು ಬೀಜ, ಹುಟ್ಟಿದ ಮೇಲೆ ಗಟ್ಟಿ ಇದ್ದದ್ದೊಂದನ್ನು ಉಳಿಸಿಕೊಂಡೆವು. ಮುಂದಿನ ವರ್ಷ ಪೆನ್ಸಿಲ್ ದಪ್ಪ ಬಂದ ಮೇಲೆ, ಮಳೆ ಹಿಡಿದ ಜೂನ್-ಜುಲೈನಲ್ಲಿ, ಅದಕ್ಕೇ ಒಳ್ಳೆ ತಳಿಯ ಕಣ್ಣು ಕಸಿ, ಅಂದರೆ ಆ ತಳಿಯ ಕಡ್ಡಿಯಿಂದ ಒಂದು ಮೊಗ್ಗು ತೆಗೆದು ಇದರ ತೊಗಟೆಯೊಳಗೆ ಕೂರಿಸುವುದು. ತೊಗಟೆ ಸಲೀಸಾಗಿ ಬಿಡುವ ಕಾಲ ಅದು. ಕತ್ತಿ ಇಟ್ಟು ನೋಡಿದರೇ ಗೊತ್ತಾಗುತ್ತದೆ: ಕೆಳಗೆ ಜಿಗಟು ಇದ್ದರೆ ಕೂಡುತ್ತದೆ, ಒಣಗಿದ್ದರೆ ಸುಮ್ನೆ ಬಿಟ್ಟುಬಿಡು. ಕಣ್ಣು ಚಿಗುರಿದ ಮೇಲೆ ಕಸಿಯ ಕೆಳಗೆ ಬರುವ ಮುಳ್ಳಿನ ಚಿಗುರನ್ನು ಬಿಡದೆ ಕಿತ್ತುಹಾಕಬೇಕು. ಇಲ್ಲ ಅಂದರೆ ಜವಾರಿ ಗಿಡವೇ ಮೇಲೇಳುತ್ತದೆ, ಕಸಿ ಕೂತಲ್ಲೇ ಕೂರುತ್ತದೆ. ಹೀಗೆ ಮಾಡಿದರೆ ಬೇಕಾಗುವುದು ಕಸಿಕಡ್ಡಿ ಮಾತ್ರ, ಸಸಿ ಲೋಡು ತರಿಸುವ ಖರ್ಚಿಲ್ಲ.

ಧಾರವಾಡದಿಂದ, ತೋಟಗಾರಿಕೆ ಓದಿದವರು

ಮೇಲಿನವರು ಹೇಳಿದ ಗುಂಡಿಯಲ್ಲೇ ಕಸಿ ಮಾಡುವ ಪದ್ಧತಿಯನ್ನೇ ಒಣ ಸೀಮೆಯ ಸಂಶೋಧಕರೂ ಬಹಳ ಒತ್ತಿ ಹೇಳುತ್ತಾರೆ. ಬಿಕಾನೇರಿನಿಂದ ನೀವು ಮೊದಲು ತರಬೇಕಾದದ್ದು ಈ ವಿಧಾನವನ್ನೇ. ತಳಿ ಆಮೇಲೆ.

ಆ ಸಂಸ್ಥೆ 1993ರಲ್ಲಿ ಶುರುವಾದದ್ದು. ಅಲ್ಲಿಯ ಕೆಲಸದ ಬಗ್ಗೆ ನನಗೆ ತುಂಬಾ ಗೌರವ ಇದೆ. ಬಾರೆ, ಖರ್ಜೂರ, ನೆಲ್ಲಿ, ಬಿಲ್ವ ಅಷ್ಟೇ ಅಲ್ಲ. ಮರುಭೂಮಿಯ ಜನ ತಲೆತಲಾಂತರದಿಂದ ತಿನ್ನುತ್ತಿದ್ದ ಕಾಚ್ರಿ (ಸೌತೆ ಜಾತಿಯ ಸಣ್ಣ ಕಾಯಿ), ಮತೀರಾ (ಮರುಭೂಮಿಯ ಕಲ್ಲಂಗಡಿ), ಖೇಜ್ಡಿ (ನಮ್ಮ ಬನ್ನಿ ಮರ) ಇಂಥ ಬೆಳೆಗಳನ್ನೂ ಕೈಗೆತ್ತಿಕೊಂಡು ತಳಿ ಮಾಡಿದ್ದಾರೆ. ಯಾರೂ ಬೆಳೆ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳದ ಗಿಡಗಳವು. ಆದರೆ ಅಲ್ಲಿಯ ಒಣ ಬೇರೆ, ನಮ್ಮ ಒಣ ಬೇರೆ. ಬಿಕಾನೇರಿನಲ್ಲಿ ವರ್ಷಕ್ಕೆ 250-300 ಮಿ.ಮೀ. ಮಳೆ, ಮರಳು ಮಣ್ಣು. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆ ಹತ್ತಿರ, ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಗದಗದಲ್ಲಿ ಮಳೆ 600 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಒಮ್ಮೆಲೇ ಸುರಿಯುತ್ತದೆ. ಜೂನ್‌ನಲ್ಲಿ ಹನಿ ಹನಿ, ಜುಲೈ-ಆಗಸ್ಟಿನಲ್ಲಿ ಗಾಳಿ ಮತ್ತು ಜಡಿ, ಆಮೇಲೆ ಎರೆಯಲ್ಲಿ ಕಾಲಿಡಲಾಗದಷ್ಟು ನೀರು. ಅಲ್ಲಿ ಗಿಡ ಸಾಯುವುದು ನೀರಿಲ್ಲದೆ. ನಮ್ಮಲ್ಲಿ ಅಕ್ಟೋಬರಿನಲ್ಲಿ ನೀರು ನಿಂತು ಬೇರು ಕೊಳೆತು ಸತ್ತ ಗಿಡಗಳೂ ಕಡಿಮೆ ಇಲ್ಲ. ಖರ್ಜೂರದ ಆಸೆಯನ್ನೂ ಬಿಡಿ. ಅದರ ಹಣ್ಣು ಮಾಗುವ ಹೊತ್ತಿಗೆ ಮಳೆ ಬೀಳಬಾರದು, ನಮ್ಮಲ್ಲಿ ಅದೇ ಮಳೆಗಾಲ.

ಅದಕ್ಕೇ ಒಂದು ಸಲಹೆ. ಅದೇ ಸಂಸ್ಥೆಯ ಒಂದು ಕೇಂದ್ರ ಗುಜರಾತಿನ ಗೋಧ್ರಾ ಹತ್ತಿರ ವೇಜಲ್ಪುರದಲ್ಲಿದೆ. ಅಲ್ಲಿ ಕೆಲಸ ನಡೆಯುವುದು ಮಳೆ ಆಶ್ರಯದ ಅರೆ ಒಣ ಹವೆಯಲ್ಲಿ, ನಮಗೆ ಹತ್ತಿರದ ಪರಿಸ್ಥಿತಿ. ಬಾರೆಯಲ್ಲಿ ಗೋಮಾ ಕೀರ್ತಿ, ನೇರಳೆಯಲ್ಲಿ ಗೋಮಾ ಪ್ರಿಯಾಂಕಾ, ನೆಲ್ಲಿಯಲ್ಲಿ ಗೋಮಾ ಐಶ್ವರ್ಯಾ, ಬಿಲ್ವದಲ್ಲಿ ಗೋಮಾ ಯಶಿ ಅಲ್ಲಿಂದಲೇ ಬಂದದ್ದು. ನಾನು ನಿಮ್ಮ ಜಾಗದಲ್ಲಿದ್ದರೆ ಅಲ್ಲಿಯ ವರದಿಗಳನ್ನು ಮೊದಲು ಓದುತ್ತಿದ್ದೆ.

ಬಾರೆಯಲ್ಲಿ ಬೇಗ ಮಾಗುವ ತಳಿಯನ್ನೇ ಆರಿಸಿ. ಗೋಮಾ ಕೀರ್ತಿ ಉಮ್ರಾನ್‌ನಿಂದ ಆರಿಸಿದ ಬೇಗದ ತಳಿ. ಗೋಲಾ ಕೂಡ ಬೇಗ. ಉಮ್ರಾನ್ ದೊಡ್ಡ ಹಣ್ಣು, ನೋಡಲು ಚಂದ, ಆದರೆ ತಡ. ಮಳೆ ನಿಂತ ಮೇಲೆ ಮಣ್ಣಿನ ತೇವ ದಿನಾ ಇಳಿಯುತ್ತಾ ಹೋಗುತ್ತದೆ. ಕಾಯಿ ಗಿಡದ ಮೇಲೆ ಇದ್ದಷ್ಟು ದಿನವೂ ಆ ತೇವ ಬೇಕು. ಇನ್ನೊಂದು ಲಾಭ ನಿಮಗೇ ಗೊತ್ತು. ಸಂಕ್ರಾಂತಿಗೆ ಹುಬ್ಬಳ್ಳಿ, ಗದಗ ಸಂತೆಯಲ್ಲಿ ಬಾರೆ ಹಣ್ಣು ಕೇಳದವರಿಲ್ಲ. ಮಕ್ಕಳಿಗೆ ಎರೆಯಲಿಕ್ಕೂ ಬೇಕು, ತಿನ್ನಲಿಕ್ಕೂ ಬೇಕು. ಆ ವಾರಕ್ಕೆ ಹಣ್ಣು ಬಂದರೆ ರೇಟು ಬೇರೆಯೇ.

ಚಾಟನಿ, ಅಂದರೆ ರೆಂಬೆ ಕಡಿಯುವುದನ್ನು ಮಾತ್ರ ತಪ್ಪಿಸಬೇಡಿ. ಬಾರೆ ಹೊಸ ಚಿಗುರಿನಲ್ಲೇ ಹೂ ಬಿಡುವ ಗಿಡ. ಏಪ್ರಿಲ್-ಮೇನಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತಿರುವಾಗ ಕಡಿಯಬೇಕು. ಬೇಸಿಗೆಯಲ್ಲಿ ತಾನೇ ಎಲೆ ಕಳಚಿಕೊಂಡು ನೀರು ಕೇಳದೆ ನಿಲ್ಲುವ ಈ ಗುಣವೇ ನಿಮ್ಮಂಥ ಹೊಲಕ್ಕೆ ವರ.

ರೋಣದಿಂದ ಒಬ್ಬರು

ದಾಳಿಂಬೆ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮಾವನವರ ತೋಟ ದುಂಡಾಣು ಅಂಗಮಾರಿಗೆ ಹೋಯಿತು. ಸಸಿ ತಂದ ನರ್ಸರಿಯವರು ರೋಗ ಇಲ್ಲದ ತಾಯಿಗಿಡದ್ದು ಅಂತ ಬಾಯಿಮಾತು ಕೊಟ್ಟಿದ್ದರು. ಕಾಯಿ ಮೇಲೆ ಎಣ್ಣೆ ಹತ್ತಿದಂಥ ಚುಕ್ಕೆ, ಆಮೇಲೆ ಕಪ್ಪು, ಆಮೇಲೆ ನಡುವೆ ಸೀಳು. ಮಳೆಹನಿ ಮತ್ತು ಗಾಳಿಯಲ್ಲಿ ಗಿಡದಿಂದ ಗಿಡಕ್ಕೆ ಹಬ್ಬಿತು. ಆ ಮನೆಯವರು ಕೊಡಲಿ ಹಿಡಿದು ತಮ್ಮ ಗಿಡ ತಾವೇ ಕಡಿದದ್ದನ್ನು ನೋಡಿದ್ದೇನೆ.

ಇದಕ್ಕೆ ಸಂಶೋಧಕರು ಹೇಳುವ ದಾರಿ ಇದೆ. ಹಸ್ತ ಬಹಾರ್ ಹಿಡಿಯಿರಿ, ಅಂದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಬಿಡಿಸಿ. ಕಾಯಿ ಬೆಳೆಯುವುದು ಮಳೆ ಇಲ್ಲದ ತಿಂಗಳಲ್ಲಿ, ರೋಗ ಕಡಿಮೆ. ಮಾತು ಸರಿ. ಆದರೆ ಮಳೆ ಇಲ್ಲದ ತಿಂಗಳಲ್ಲಿ ನೀರು ಕೊಡುವವರು ಯಾರು? ಲೆಕ್ಕ ಹಾಕಿ ನೋಡಿ. ನಾಲ್ಕೂವರೆ ಮೀಟರಿಗೆ ಮೂರು ಮೀಟರ್ ಹಚ್ಚಿದರೆ ಎಕರೆಗೆ ಸುಮಾರು 300 ಗಿಡ. ಕಾಯಿ ಹೊತ್ತ ಗಿಡಕ್ಕೆ ದಿನಕ್ಕೆ 30 ಲೀಟರ್ ಹಿಡಿದರೂ ಎಕರೆಗೆ 9,000 ಲೀಟರ್. ನೂರು ದಿನಕ್ಕೆ 9 ಲಕ್ಷ. ನಿಮ್ಮ ಹೊಂಡ ದಂಡೆ ಇಳಿಜಾರು ಕಳೆದು ತುಂಬಿ ತುಳುಕಿದರೂ 9-10 ಲಕ್ಷ ಲೀಟರ್ ಅಷ್ಟೇ. ಅದರಲ್ಲಿ ಬಿಸಿಲೂ ಕುಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 7 ಮಿ.ಮೀ. ಆವಿ ಅಂತ ಹಿಡಿದರೂ 21 ಮೀಟರ್ ಚೌಕದ ನೀರಿನಿಂದ 3,000 ಲೀಟರ್ ಹೋಯಿತು. ಬೋರ್ ಇದ್ದವರು ದಾಳಿಂಬೆ ಹಚ್ಚಲಿ. ನೀವು ಬೇಡ, ದಯವಿಟ್ಟು.

ಬಾರೆಗೆ ಇದೇ ಹೊಂಡದ ನೀರು ಸಾಕಾಗಿ ಉಳಿಯುತ್ತದೆ. ಆರು ಮೀಟರ್ ಅಂತರದಲ್ಲಿ ಎಕರೆಗೆ 110 ಗಿಡ ಚಿಲ್ಲರೆ. ಎಳೆ ಗಿಡಕ್ಕೆ ವಾರಕ್ಕೆ 20 ಲೀಟರ್ ಅಂದರೂ ಎರಡು ಎಕರೆಗೆ ಐದು ಸಾವಿರ ಲೀಟರ್ ಒಳಗೇ.

ರಾಣೆಬೆನ್ನೂರಿನಿಂದ, ತರಕಾರಿ ಬೆಳೆಯುವ ಅಕ್ಕ

ಗಿಡ ಫಲ ಕೊಡುವ ತನಕ ಅಂತ ಕೇಳಿದ್ದೀರಿ ಅಲ್ವಾ, ನಾನಾದರೆ ನುಗ್ಗೆಯಿಂದ ಶುರು ಮಾಡುತ್ತೇನೆ. ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ-1 ತಳಿ ಇದೆ. ನಮ್ಮ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ತಳಿಯೂ ಇದೆ, ಅರಭಾವಿ ಕಾಲೇಜಿನಲ್ಲಿ ಬಂದದ್ದು. ಬೀಜದಿಂದಲೇ ಬರುತ್ತದೆ, ವರ್ಷದೊಳಗೆ ಕಾಯಿ ನೋಡುತ್ತೀರಿ. ಸೊಂಟದ ಎತ್ತರಕ್ಕೆ ಬರುವ ಮೊದಲೇ, ಎರಡೂವರೆ ಅಡಿಗೆ, ಕುಡಿ ಚಿವುಟಿಬಿಡಿ. ಕವಲು ಒಡೆಯುತ್ತದೆ, ಕಾಯಿ ಕೈಗೆ ಸಿಗುತ್ತದೆ. ಬಿಟ್ಟರೆ ಮುಗಿಲಿಗೆ ಹೋಗಿ ಗಾಳಿಗೆ ಮುರಿಯುತ್ತದೆ. ಹೂ ಬಿಟ್ಟಾಗ ಪ್ರೀತಿ ಮಾಡಿ ಜಾಸ್ತಿ ನೀರು ಬಿಡಬೇಡಿ, ಹೂ ಉದುರುತ್ತದೆ.

ಕರಿಬೇವಿನ ಬಗ್ಗೆ ಯಾರೂ ಹೇಳಲಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದೇ ಡಿ.ಡಬ್ಲ್ಯು.ಡಿ-1 ಅಂದರೆ ಸುವಾಸಿನಿ, ಮತ್ತು ಡಿ.ಡಬ್ಲ್ಯು.ಡಿ-2 ತಳಿಗಳಿವೆ. ಸುವಾಸಿನಿಗೆ ವಾಸನೆ ಚೆನ್ನ, ಆದರೆ ಚಳಿಯಲ್ಲಿ ಚಿಗುರು ನಿಲ್ಲಿಸುತ್ತದೆ. ಮನೆಯಲ್ಲಿ ದಿನಾ ನೋಡುವವರು ವಯಸ್ಸಾದ ಅಪ್ಪ ಒಬ್ಬರೇ ಅಂದರೆ, ಇಂಥ ಹಗುರ ಕೊಯ್ಲಿನ ಬೆಳೆ ಒಂದು ಸಾಲಾದರೂ ಇರಲಿ.

ಸಾಲುಗಳ ನಡುವೆ ಮಳೆಗಾಲದಲ್ಲಿ ಚವಳಿಕಾಯಿ, ಅವರೆ, ಜವಾರಿ ಸೌತೆ. ಚವಳಿಯಲ್ಲಿ ಪೂಸಾ ನವಬಹಾರ್ ಕವಲೊಡೆಯದೆ ನೆಟ್ಟಗೆ ಬೆಳೆಯುತ್ತದೆ, ಗಿಡದ ನಡುವೆ ತೊಂದರೆ ಕೊಡುವುದಿಲ್ಲ. ಟೊಮೆಟೊ ಬೇಕೇ ಬೇಕು ಅಂದರೆ ಬೆಂಗಳೂರು ಹತ್ತಿರದ ಹೆಸರಘಟ್ಟ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೇಘಾಲಿ ಮಳೆ ಆಶ್ರಯಕ್ಕೆ ಅಂತಲೇ ಇರುವ ತಳಿ. ಗೋವಿನಜೋಳ ಮಾತ್ರ ಎಳೆ ಗಿಡದ ಪಕ್ಕ ಹಾಕಬೇಡಿ. ನೆರಳು ಮಾಡಿ ಕೊಲ್ಲುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ದಾಳಿಂಬೆ ಲೆಕ್ಕ ಅಪ್ಪಗೆ ಓದಿ ಹೇಳಿದೆ. ಇನ್ನೆರಡು ಪ್ರಶ್ನೆ. ಎರೆಯಲ್ಲಿ ಗುಂಡಿ ತೋಡಿ ಮಸಾರಿ ಮಣ್ಣು ತುಂಬಿಸಿದರೆ ಹಣ್ಣಿನ ಗಿಡ ಬರುತ್ತದಾ? ಮತ್ತೆ ನಮ್ಮ ಕಡೆ ಕುರಿ, ಆಡು ಬಹಳ. ಬೇಲಿಗೆ ದುಡ್ಡಿಲ್ಲ.

ಧಾರವಾಡದಿಂದ, ತೋಟಗಾರಿಕೆ ಓದಿದವರು

ಎರೆಯಲ್ಲಿ ಗುಂಡಿಗೆ ಮಸಾರಿ, ಗರಸು ತುಂಬಿಸಬೇಡಿ. ಸುತ್ತ ಜಿಗಟು ಮಣ್ಣು, ನಡುವೆ ಸಡಿಲ ಮಣ್ಣು. ಹಸ್ತ, ಚಿತ್ತಿ ಮಳೆಗೆ ಸುತ್ತಲಿನ ನೀರೆಲ್ಲ ಅದರೊಳಗೆ ಇಳಿದು ಗುಂಡಿ ತೊಟ್ಟಿಯಾಗುತ್ತದೆ. ಅದೇ ಮಣ್ಣಿಗೆ ತಿಪ್ಪೆ ಗೊಬ್ಬರ ಕಲಸಿ ತುಂಬಿ, ನೆಲಕ್ಕಿಂತ ಅರ್ಧ ಅಡಿ ದಿಬ್ಬ ಮಾಡಿ ಅದರ ಮೇಲೆ ಹಚ್ಚಿ. ಬೇಸಿಗೆಯಲ್ಲಿ ಎರೆ ಬಿರಿಯುವಾಗ ಬೇರು ಹರಿಯುತ್ತದೆ. ಬಿರುಕು ಕಂಡ ಕೂಡಲೇ ಕುಂಟಿ ಹೊಡೆದು ಮುಚ್ಚಿಸಿ, ಬುಡಕ್ಕೆ ಶೇಂಗಾ ಹೊಟ್ಟು ಹೊದಿಸಿ. ನನ್ನ ಮನಸ್ಸು ಕೇಳಿದರೆ, ಎರೆ ಎರಡು ಎಕರೆಯನ್ನು ಕಡಲೆಗೇ ಬಿಡಿ. ಗಿಡ ಬೇಕಾದರೆ ಒಡ್ಡಿನ ಮೇಲೆ ನೆಲ್ಲಿ ಹಚ್ಚಿ. ಒಂದೇ ತಳಿ ಹಚ್ಚಿದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಎನ್.ಎ-7 ಜೊತೆ ಕೃಷ್ಣಾ ಅಥವಾ ಕಾಂಚನ್ ಬೆರೆಸಿ.

ಮುಂಡರಗಿ ಕಡೆಯ ರೈತ

ಆಡಿಗೆ ಔಷಧ ಸೀತಾಫಲ. ಅದರ ಎಲೆಯನ್ನು ಆಡೂ ಮುಟ್ಟುವುದಿಲ್ಲ, ದನವೂ ಮುಟ್ಟುವುದಿಲ್ಲ. ಮಸಾರಿಯ ಸುತ್ತ ಎರಡು ಸಾಲು ಬಾಲಾನಗರ ತಳಿ ಹಚ್ಚು, ಒಳಗೆ ಬಾರೆ. ಬಾರೆಯನ್ನು ಆಡು ಬಹಳ ಇಷ್ಟಪಟ್ಟು ತಿನ್ನುತ್ತದೆ. ಅದಕ್ಕೆ ಮೊದಲ ಎರಡು ವರ್ಷ ಪ್ರತಿ ಗಿಡಕ್ಕೂ ಜಾಲಿ ಮುಳ್ಳು ಸುತ್ತಲೇಬೇಕು. ಸೀತಾಫಲದ ಹೂ ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ಅರಳುತ್ತದೆ. ಹಾಗಾಗಿ ಏಪ್ರಿಲ್-ಮೇ ಬಿಸಿಲಿನ ಹೂ ಬಹಳ ಉದುರುತ್ತದೆ. ಹೆದರಬೇಡ, ಮಳೆ ಬಿದ್ದು ಹವೆ ತಂಪಾದ ಮೇಲೆ ಬರುವ ಹೂ ಕಾಯಿ ಕಟ್ಟುತ್ತದೆ.

ಬಾರೆಗೆ ಹಣ್ಣು ನೊಣದ ಕಾಟ ಇದೆ, ಅದನ್ನು ಈಗಲೇ ತಿಳಿದುಕೊ. ಹಣ್ಣಿನೊಳಗೆ ಹುಳ, ಉದುರಿದ ಮೇಲೆ ಅದು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಉದುರಿದ ಹಣ್ಣನ್ನು ದಿನಾ ಆರಿಸಿ ಆಳವಾಗಿ ಹೂಳಬೇಕು, ಬೇಸಿಗೆಯಲ್ಲಿ ಬುಡದ ಮಣ್ಣು ತಿರುವಿ ಬಿಸಿಲಿಗೆ ಒಡ್ಡಬೇಕು. ಆರಿಸುವ ಕೆಲಸವನ್ನು ಅಪ್ಪ ಕೂತುಕೊಂಡೇ ಮಾಡಬಹುದು. ಕಸಿ ಕಟ್ಟುವುದು ಕಲಿಯಬೇಕಾದರೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಮೇ ಒಳಗೆ ಹೋಗಿ ಕೇಳು. ಬೀಜಕ್ಕೆ ನಮ್ಮ ಕಡೆಯ ಜವಾರಿ ಹಣ್ಣು ಬೇಕಿದ್ದರೆ ಸಂಕ್ರಾಂತಿ ಆದಮೇಲೆ ತಿಳಿಸು, ಆರಿಸಿ ಇಡುತ್ತೇನೆ.